ಯಾವ ರೂಪಾಯಿ?

ನನ್ನ ಮಗಳು ಗಂಡನೊಡನೆ ಜರ್ಮನಿಯಲ್ಲಿರುವಳು. ಈ ಸಲ ಶಿರಹಟ್ಟಿಗೆ ಬಂದಾಗ ನಾಲ್ಕಾರು ಯುರೋ ನಾಣ್ಯಗಳನ್ನು ತಂದಿದ್ದಳು. ಒಂದು ಮುಖವು ಎಲ್ಲವುಗಳಿಗೂ ಸಮಾನ. ಇನ್ನೊಂದರಲ್ಲಿ ಆಯಾ ದೇಶದ ಲಾಂಛನ. 2002ನೆಯ ಇಸವಿಯ ಜನವರಿ 1ರಿಂದ ಹನ್ನೆರಡು ದೇಶಗಳು ತಮ್ಮ ತಮ್ಮ ನಾಣ್ಯಗಳನ್ನು ಬಿಟ್ಟು ಇದನ್ನೇ ಬಳಕೆಗೆ ತಂದವು. ರೂಪವನ್ನು ಅಚ್ಚೊತ್ತಿದ್ದು ರೂಪ್ಯವೆಂದು ಪಾಣಿನಿಯು ವ್ಯುತ್ಪತ್ತಿ ಹೇಳಿರುವನು. ಎರಡು ರೂಪದ ಈ ರೂಪ್ಯವನ್ನು ಕಂಡು ನನಗೆ ನಮ್ಮ ಮನೆಯ ಹಳೆಯ ಕೈಚೀಟಿಯೊಂದು ನೆನಪಾಯಿತು.

ಶಿರಹಟ್ಟಿಯು 1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಇಲ್ಲಿ ನಡೆಯುತ್ತಿದ್ದುದು ಇಂಗ್ರೇಜಿ ಸರಕಾರದ ರೂಪಾಯಿ. ನಮ್ಮಜ್ಜಿಯ ತವರೂರಾದ ಕುಕನೂರು ನಿಜಾಮನ ಸೀಮೆ. ಅಲ್ಲಿ ಚಾರ್‌ಮಿನಾರಿನ ಚಿತ್ರವುಳ್ಳ ಹಾಲಿ ಸಿಕ್ಕಾ. ಇಲ್ಲಿಯ ರೂಪಾಯಿಗೆ ಅಲ್ಲಿಯವರು ಕಲ್ದಾರವೆನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಗದಗಿನ ಪೇಟೆಗೆ ಹತ್ತಿ ತರುತ್ತಿದ್ದ ಆ ಸೀಮೆಯ ಒಕ್ಕಲಿಗನು ಅಕ್ಷರ ಬಾರದಿದ್ದರೂ ಈ ಲೆಕ್ಕವನ್ನು ಬೆರಳ ಮೇಲೆ ಮಾಡುತ್ತಿದ್ದನಂತೆ. ಹೈದರಾಬಾದು ಭಾರತದಲ್ಲಿ ಸೇರಿದ ಮೇಲೆ, 1950ರಿಂದ ನಮ್ಮ ರೂಪಾಯಿಯು ಅಲ್ಲಿಯೂ ನಡೆಯತೊಡಗಿತು. ಹಾಲಿಯು ಹಿಂದೆಗೆಯುತ್ತ 1959ರಲ್ಲಿ ಪೂರ್ಣವಾಗಿ ರದ್ದಾಯಿತು.

ಅಜ್ಜನು ತನ್ನ ಮೈದುನನಿಗೆ ಎತ್ತು ಕೊಳ್ಳಲು ಹಣ ಕೊಟ್ಟಿದ್ದನು. ಅವನು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿಯಲ್ಲಿ ರೂಪಾಯಿ 350 ಎಂದಷ್ಟೇ ಇದ್ದಿತು. ಯಾವ ರೂಪಾಯಿಯೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಬರೆಯುವ ಅಗತ್ಯ ಕಂಡಿರಲಿಕ್ಕಿಲ್ಲ. 1951ರಲ್ಲಿ ಲೆಕ್ಕ ಚುಕ್ತಾ ಮಾಡಲೆಂದು ಆ ಮಾವನವರೇ ಬಂದರು.

"ತಮ್ಮಾ, ನಾ ಇಸಗೊಂಡದ್ದು ಹಾಲಿ. ಮುನ್ನೂರು ಎಣಿಸಿಕೋ."

"ಚೀಟಿ ಬರದದ್ದು ಶಿರಹಟ್ಟ್ಯಾಗ, ಮಾಮಾ. ಇಲ್ಲಿ ರೂಪಾಯಿ ಅಂದರ ಕಲ್ದಾರ," ಎಂದರು ನಮ್ಮ ತಂದೆಯವರು.

ಐವತ್ತು ರೂಪಾಯಿಯು ಆಗ ಸಣ್ಣ ಮೊತ್ತವಲ್ಲ. ನಾಲ್ಕು ಜನ ಹಿರಿಯರು ಕುಳಿತರು, ಚೀಟಿಯೇ ಗೆದ್ದಿತು. ಮಾವನವರು 350 ಎಣಿಸಿಟ್ಟು, ಉಣ್ಣದೆ ಎದ್ದು ಹೋದರು.

ಯುರೋಪಿನವರು ಇಂಥ ಚೀಟಿಗಳನ್ನು ಮೊದಲೇ ಯೋಚಿಸಿದ್ದರು. ನಾಣ್ಯ ಬದಲಾದರೂ ಹಳೆಯ ಕರಾರುಗಳು ಕೆಡುವದಿಲ್ಲವೆಂದು 1997ರಲ್ಲಿಯೇ ಕಾಯಿದೆ ಮಾಡಿದರು. ಆಮೇಲೆ ಒಂದು ಯುರೋಕ್ಕೆ 1.95583 ಮಾರ್ಕು ಎಂದು ದಶಾಂಶದ ಐದನೆಯ ಸ್ಥಾನದ ವರೆಗೆ ದರ ಕಟ್ಟಿದರು. ಆದರೆ ನಾಣ್ಯವನ್ನು ಒಂದು ಮಾಡಿ ಬೊಕ್ಕಸಗಳನ್ನು ಬೇರೆಯಾಗಿಯೇ ಇಟ್ಟುಕೊಂಡರು. 2010ರಲ್ಲಿ ಗ್ರೀಸು ಸಾಲದಲ್ಲಿ ಮುಳುಗಿದಾಗ ತನ್ನ ಹಣದ ಬೆಲೆಯನ್ನು ತಾನೇ ಇಳಿಸಿಕೊಳ್ಳುವ ದಾರಿಯು ಅದಕ್ಕಿರಲಿಲ್ಲ. ನಮ್ಮಲ್ಲಿ 1950ರ ಏಪ್ರಿಲಿನಲ್ಲಿ ಸಂಸ್ಥಾನಗಳ ಹಣಕಾಸೂ ಕೇಂದ್ರದೊಡನೆ ಕೂಡಿದ್ದು ಒಳಿತಾಯಿತೆಂದು ನನ್ನ ಮತ.

ಬೊಕ್ಕಸಗಳು ಕೂಡಿದರೂ ನಮ್ಮ ಎರಡು ಮನೆಗಳು ಕೂಡಲಿಲ್ಲ. ಅಜ್ಜಿಯು ಮುಂದೆ ತವರಿಗೆ ಹೋಗಲೇ ಇಲ್ಲ. ಕುಕನೂರಿನ ಮಹಾಮಾಯೆಯ ದರ್ಶನಕ್ಕೂ ಹೋಗಲಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಆಕೆ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಸೆರಗಿನ ಗಂಟು ಬಿಚ್ಚಿ ಚಾರ್‌ಮಿನಾರಿನ ಬೆಳ್ಳಿ ರೂಪಾಯಿಯೊಂದನ್ನು ನನ್ನ ಅಂಗೈಯಲ್ಲಿಟ್ಟಳು.

"ಆ ರೊಕ್ಕ ಎಣಿಸಿ ಕೊಟ್ಟಾಕಿ ನಾನ. ನನ್ನ ತವರಿನ ರೊಕ್ಕ. ಎಲ್ಲಾ ಹಾಲಿ."

"ಮತ್ತ ಅವತ್ತು ಯಾಕ ಹೇಳಲಿಲ್ಲ, ಅಜ್ಜೀ?"

"ಹತ್ತು ಮಂದ್ಯಾಗ ಮಗನ್ನ ಸುಳ್ಳ ಮಾಡಲೇನು?"

ತಂದೆಯವರು ಮುಂದೆ ಬಹಳ ವರ್ಷ ಬದುಕಿದ್ದರು. ನಾನೂ ಅವರಿಗೆ ಹೇಳಲಿಲ್ಲ. ಮೊನ್ನೆ ಆ ನಾಣ್ಯವನ್ನು ಮಗಳ ಕೈಯಲ್ಲಿ ಕೊಟ್ಟಾಗ, ಕುಕನೂರಿನಲ್ಲಿ ಈಗ ಯಾರಿರುವರೆಂದು ಕೇಳಿದಳು. ಮಾವನವರ ಮೊಮ್ಮಕ್ಕಳಿರುವರಂತೆ. ಬರುವ ದಸರೆಗೆ ಹೋಗಬೇಕೆಂದಿರುವೆವು.