ಹಿಮದ ಸದ್ದು

ಮೂವತ್ತು ವರುಷಗಳ ಕಾಲ ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಾನು ‘ಹಿಮ’ ಎಂಬ ಪದಕ್ಕೆ ಅರ್ಥ ಹೇಳಿದೆನು. ಹಿಮವನ್ನು ಮಾತ್ರ ಕಂಡವನಲ್ಲ. ಒಮ್ಮೆ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಾಷ್ಟ್ರೇ, ಮಳೆ ಬಿದ್ದರೆ ಹಂಚಿನ ಮೇಲೆ ಸದ್ದಾಗುತ್ತದೆ. ಹಿಮ ಬಿದ್ದರೆ?” ಎಂದು ಕೇಳಿದಳು. “ಪುಸ್ತಕದಲ್ಲಿ ಇದ್ದಷ್ಟು ಓದು” ಎಂದು ಗದರಿಸಿ ಕುಳ್ಳಿರಿಸಿದೆನು. ತರಗತಿ ನಕ್ಕಿತು. ಆ ವರುಷವೆಲ್ಲ ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ನಿವೃತ್ತನಾದ ಬಳಿಕ, ಒಂದು ಮಾರ್ಚ್ ತಿಂಗಳ ಕೊನೆಯಲ್ಲಿ, ಶ್ರೀನಗರದಿಂದ ಗುಲ್‌ಮಾರ್ಗಕ್ಕೆ ಹೋಗುವ ಯೋಗ ಒದಗಿತು. ಸುಮಾರು 50 ಕಿಲೋಮೀಟರಿನ ದಾರಿ. ಕಣಿವೆಗೆ ವಸಂತ ಬಂದಾಗಿತ್ತು. ಬಾದಾಮಿ ಮರಗಳು ಎಲೆ ತಳೆಯುವ ಮೊದಲೇ ಹೂ ತಳೆದಿದ್ದವು. ತಂಗ್‌ಮಾರ್ಗದಲ್ಲಿ ಸಾರಥಿಯು ಗಾಲಿಗಳಿಗೆ ಕಬ್ಬಿಣದ ಸರಪಳಿ ತೊಡಿಸಿದನು. ಅಲ್ಲಿಂದ 13 ಕಿಲೋಮೀಟರು ಬರಿಯ ಏರು. ತಿರುವು ತಿರುವಿಗೂ ವಸಂತ ಹಿಂದೆ ಸರಿದು ಶಿಶಿರ ಎದುರಾಯಿತು. ಐದೈದು ಸೂಜಿಯೆಲೆಗಳ ಗೊಂಚಲು ಹೊತ್ತ ನೀಲಿ ಪೈನ್ ಮರಗಳು, ಇನ್ನೂ ಮೇಲೆ ಗೋಪುರದಂತೆ ನಿಂತ ಫರ್ ಮರಗಳು. ಬಿಸಿಲು ಬೀಳುವ ಓರೆಯಲ್ಲಿ ಕರಗಿದ್ದ ಹಿಮ ನೆರಳಿನಲ್ಲಿ ಮೊಣಕಾಲುದ್ದ ಉಳಿದಿತ್ತು.

ಒಂದೆಡೆ ಗಾಡಿ ನಿಲ್ಲಿಸಿ ಇಳಿದೆನು. ಮೊದಲು ಮೌನ. ಅನಂತರ ಸದ್ದುಗಳು ಒಂದೊಂದಾಗಿ ಕೇಳಿಬಂದವು. ಕಾಲಡಿಯ ಹಿಮ ಹುರಿದ ಅವಲಕ್ಕಿ ಅಗಿದಂತೆ ಕುರುಕುರು ಎಂದಿತು. ಬಿಸಿಲೇರಿದ ಕೊಂಬೆಯಿಂದ ಒಂದು ಮುದ್ದೆ ಜಾರಿ ಧೊಪ್ಪನೆ ಬಿತ್ತು. ಹಗುರಾದ ಕೊಂಬೆ ಮೇಲಕ್ಕೆ ಚಿಮ್ಮಿತು. ಹಿಮದ ಅಡಿಯಲ್ಲಿ, ಮುಂದೆ ಝೇಲಮ್ ಸೇರಬೇಕಾದ ನೀರು, ಕಣ್ಣಿಗೆ ಕಾಣದೆ ಗುಳುಗುಳಿಸುತ್ತಿತ್ತು. “ನಮ್ಮ ನುಡಿಯಲ್ಲಿ ಇದು ಶೀನ್” ಎಂದನು ಸಾರಥಿ. “ಬೀಳುವಾಗ ಮಾತಾಡುವುದಿಲ್ಲ, ಮಾಸ್ಟರ್‌ಜೀ. ರಾತ್ರಿ ಬಿದ್ದುದು ಬೆಳಿಗ್ಗೆ ಬಾಗಿಲು ತೆರೆದಾಗಲೇ ತಿಳಿಯುವುದು. ಕರಗುವಾಗ ಮಾತ್ರ ಮಾತು.”

ಆ ಹುಡುಗಿ ಈಗ ನಮ್ಮೂರ ಕಡೆಯಲ್ಲೇ ಕನ್ನಡ ಅಧ್ಯಾಪಿಕೆ. ಅಂದು ರಾತ್ರಿಯೇ ಅವಳಿಗೆ ಕಾಗದ ಬರೆದು ಕೇಳಿದ್ದನ್ನೆಲ್ಲ ತಿಳಿಸಿದೆನು. “ಅಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಬೇಕಾಗಿತ್ತು” ಎಂದೂ ಸೇರಿಸಿದೆನು.

ಮಾರೋಲೆ ಬಂದಿತು: “ನಿಮ್ಮ ಕಾಗದವನ್ನು ತರಗತಿಯಲ್ಲಿ ಓದಿದೆ, ಮಾಷ್ಟ್ರೇ. ಅಷ್ಟು ಭಾರಕ್ಕೆ ಕೊಂಬೆ ಮುರಿಯಲಿಲ್ಲವೇಕೆ ಎಂದು ಮಕ್ಕಳು ಕೇಳುತ್ತಿದ್ದಾರೆ.”

ಫರ್ ಮರದ ಕೊಂಬೆ ಕೆಳಮುಖವಾಗಿ ಓರೆಯಾಗಿದೆ, ಬಾಗಬಲ್ಲದು. ಹೊರೆ ಹೆಚ್ಚಿದರೆ ಜಾರಿಸಿಬಿಡುತ್ತದೆ. ಈ ಸಲ ತಡಮಾಡದೆ ಉತ್ತರ ಬರೆದಿದ್ದೇನೆ.