ಬನಶಂಕರಿಯ ಹಳೇ ಕಾರು ರೇಸ್ ಟ್ರ್ಯಾಕಿಗೆ ಹೊರಟಾಗ...!

ಪರದೆಯ ಮೇಲೆ ಕಾರು ಗಾಳಿಯಲ್ಲಿ ಹಾರುತ್ತದೆ. ಹೀರೋ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸ್ತಾನೆ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! 1980ರಲ್ಲಿ ಶಂಕರ್‌ನಾಗ್ ಕಾರು ಕಳ್ಳರ ಕಥೆ ಇಟ್ಟುಕೊಂಡು ‘ಮಿಂಚಿನ ಓಟ’ ತೆಗೆದರು. ಅಂಥ ಚಿತ್ರ ನೋಡಿ ಹೊರಬಂದ ಹುಡುಗನ ಬಲಗಾಲು ತಾನಾಗಿಯೇ ಆಕ್ಸಲರೇಟರ್ ಹುಡುಕುತ್ತದೆ. ಆದರೆ ಮಿತ್ರರೇ, ಸಿನಿಮಾ ಕಾರಿಗೆ ‘ಕಟ್’ ಅನ್ನೋಕೆ ಒಬ್ಬ ನಿರ್ದೇಶಕ ಇರ್ತಾನೆ. ನಮ್ಮ ಕಾರಿಗೆ ಯಾರಿದ್ದಾರೆ? ಬ್ರೇಕು ಒಂದೇ!

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅದೇ ಶಂಕರ್‌ನಾಗ್ ರಸ್ತೆ ಅಪಘಾತಕ್ಕೆ ಬಲಿಯಾದರು. ವಯಸ್ಸು ಇನ್ನೂ 35. ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಇವತ್ತಿಗೂ ಅವರ ಮುಖ ನಗ್ತಾ ಇದೆ. ರಸ್ತೆ ಅನ್ನೋದು ಯಾರ ಮುಖವನ್ನೂ ನೋಡೋದಿಲ್ಲ.

ಹಾಗಾದರೆ ವೇಗದ ಆಸೆ ಇರೋ ಹುಡುಗ ಎಲ್ಲಿಗೆ ಹೋಗಬೇಕು? ರಾತ್ರಿ ಹೊತ್ತು ನೈಸ್ ರಸ್ತೆಗಂತೂ ಅಲ್ಲ. ಅದಕ್ಕೆಂದೇ ಬೇರೆ ಜಾಗ ಇದೆ.

ಟ್ರ್ಯಾಕ್ ಡೇ ಅಂದರೇನು?

ಒಂದು ಕಾಲಕ್ಕೆ ದಕ್ಷಿಣದವರಿಗೆಲ್ಲ ರೇಸ್ ಅಂದರೆ ಮದ್ರಾಸ್ ಹತ್ತಿರದ ಶೋಲಾವರಂ. ಹಳೇ ವಿಮಾನ ನಿಲ್ದಾಣದ ರನ್‌ವೇ ಮೇಲೆ ಓಟ! ಆಮೇಲೆ, 1990ರಲ್ಲಿ, ಶ್ರೀಪೆರಂಬುದೂರು ಬಳಿಯ ಇರುಂಗಾಟುಕೋಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರ ಟ್ರ್ಯಾಕ್ ಶುರುವಾಯಿತು. ಒಂದು ಸುತ್ತು ಸುಮಾರು 3.7 ಕಿ.ಮೀ., 12 ತಿರುವು. ಕೊಯಮತ್ತೂರಿನಲ್ಲಿ ಇನ್ನೊಂದಿದೆ, ಸುಮಾರು 2.1 ಕಿ.ಮೀ. ಮಾರುತಿ 800ರ ಇಂಜಿನ್ ಕೂರಿಸಿ ‘ಫಾರ್ಮುಲಾ ಮಾರುತಿ’ ರೇಸ್ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರಿನದು.

ಟ್ರ್ಯಾಕ್ ಡೇ ಅಂದರೆ ರೇಸಲ್ಲ. ಕಪ್ಪಿಲ್ಲ, ಹಾರ ಇಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರನ್ನು ಸರದಿಯ ಪ್ರಕಾರ ಓಡಿಸೋದು. ಎಲ್ಲರೂ ಒಂದೇ ದಿಕ್ಕಿಗೆ. ಎದುರಿಗೆ ಲಾರಿ ಬರೋಲ್ಲ, ಅಡ್ಡ ಹಸು ಬರೋಲ್ಲ.

ಅದಕ್ಕೆ ಲಕ್ಷಗಟ್ಟಲೆ ಬೆಲೆಯ ಕಾರೇ ಬೇಕು ಅಂತೀರಾ? ಬೇಡ. 1994ರಲ್ಲಿ ಬಂದ ಮಾರುತಿ ಎಸ್ಟೀಮ್ ನೆನಪಿದೆಯಾ? 1298 ಸಿ.ಸಿ. ಇಂಜಿನ್, ತೂಕ 900 ಕಿಲೋ ಒಳಗೆ. ತಯಾರಿಕೆ ನಿಂತು ಒಂದೂವರೆ ದಶಕ ದಾಟಿದೆ. ಆದರೂ ನಮ್ಮ ದೇಶದ ರೇಸುಗಳಲ್ಲಿ ಹೆಸರು ಮಾಡಿದ ಕಾರು. ಜಯನಗರ, ಜೆ.ಪಿ. ನಗರದ ಹಳೇ ಮನೆಗಳ ಮುಂದೆ, ಹೊಂಗೆ ಮರದ ಕೆಳಗೆ, ಕವರ್ ಹೊದ್ದು ಮಲಗಿದ ಇಂಥ ಕಾರುಗಳು ಇನ್ನೂ ಕಾಣಸಿಗ್ತವೆ. ಅಪ್ಪ ಕೊಂಡ ಕಾರು, ಮಗನ ಕಣ್ಣು ಅದರ ಮೇಲೆ!

ಮೊದಲು ನಿಲ್ಲಲಿ, ಆಮೇಲೆ ಓಡಲಿ

ಗ್ಯಾರೇಜಿಗೆ ಹೋದ ಹುಡುಗರು ಮೊದಲು ಕೇಳೋದು ಒಂದೇ: “ಅಣ್ಣಾ, ಪಿಕಪ್ ಜಾಸ್ತಿ ಮಾಡ್ಕೊಡಿ. ಸೈಲೆನ್ಸರ್ ಚೇಂಜ್ ಮಾಡಿ.” ಅನುಭವಸ್ಥ ಮೆಕ್ಯಾನಿಕ್ ನಕ್ಕು ಚಕ್ರ ಬಿಚ್ಚೋಕೆ ಕೂರ್ತಾನೆ. ಅವನು ಮಾಡೋದೇ ಸರಿ.

ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚೋದು ನಿಮಗೆ ಗೊತ್ತು. ಗಾಡಿ ಪೂಜೆಗೆ ಚಕ್ರದ ಕೆಳಗೂ ನಿಂಬೆಹಣ್ಣು ಇಡ್ತೀವಿ. ಇಡಿ, ತಪ್ಪಿಲ್ಲ. ಆದರೆ ಬಗ್ಗಿದಾಗ ಹಾಗೇ ಟೈರಿನ ಪಕ್ಕೆಯನ್ನೂ ಒಮ್ಮೆ ಓದಿ. ಅಲ್ಲಿ ನಾಲ್ಕು ಅಂಕಿ ಅಚ್ಚಾಗಿರ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದ ಟೈರು. ಮರದ ಕೆಳಗೆ ನಿಂತ ಕಾರಿನ ಟೈರು ಸವೆದಿರೋಲ್ಲ, ಗುಂಡಿ ಆಳವಾಗೇ ಕಾಣುತ್ತೆ. ಆದರೆ ರಬ್ಬರು ವಯಸ್ಸಾಗಿ ಗಟ್ಟಿಯಾಗಿರ್ತದೆ, ಬಿರುಕು ಬಿಟ್ಟಿರ್ತದೆ. ನೋಡೋಕೆ ಚೆಂದ, ನಂಬೋಕಾಗಲ್ಲ. ಅದೇ ನಮ್ಮ ವಿಲನ್ನು!

ಎರಡನೇದು ಬ್ರೇಕ್ ಆಯಿಲ್. ಇದು ಗಾಳಿಯ ತೇವ ಹೀರಿಕೊಳ್ಳೋ ಪದಾರ್ಥ. ಹೊಸ ಡಾಟ್-4 ಆಯಿಲ್ ಕುದಿಯೋದಕ್ಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಆ ಮಟ್ಟ 155ರ ತನಕ ಇಳಿಯಬಹುದು. ಊರೊಳಗೆ ಇದು ಗೊತ್ತೇ ಆಗಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಜೋರಾಗಿ ಬ್ರೇಕ್ ಒತ್ತಿದಾಗ ಬಿಸಿ ಏರಿ, ಆಯಿಲ್ ಕುದ್ದು, ಒಳಗೆ ಗುಳ್ಳೆ ಏಳ್ತದೆ. ಪೆಡಲ್ ಒತ್ತಿದರೆ ಹತ್ತಿಯ ಹಾಗೆ ಮೆತ್ತಗೆ ಕೆಳಗೆ ಹೋಗುತ್ತೆ, ಕಾರು ಮಾತ್ರ ಮುಂದಕ್ಕೆ! ಒಂದು ಸಣ್ಣ ಡಬ್ಬಿ ಹೊಸ ಆಯಿಲ್, ಗಾಳಿ ತೆಗೆಯೋಕೆ ಒಂದು ಗಂಟೆ ಕೆಲಸ. ಇಷ್ಟಕ್ಕೆ ಜಿಪುಣತನ ಬೇಡ. ಮುಂದಿನ ಪ್ಯಾಡು, ಹಿಂದಿನ ಡ್ರಮ್ಮಿನ ಲೈನರ್, ರಬ್ಬರ್ ಹೋಸು ಎಲ್ಲ ಜೊತೆಯಲ್ಲೇ ನೋಡಿಸಿ. ಸಾಮಾನಿಗೆ ಜೆ.ಸಿ. ರಸ್ತೆ ಹತ್ತಿರವೇ ಇದೆ. ಗುಜರಿಯ ಬ್ರೇಕ್ ಸಾಮಾನು ಮಾತ್ರ ಮುಟ್ಟಬೇಡಿ.

ಆಮೇಲೆ ಚಕ್ರದ ಬೇರಿಂಗು, ಬಾಲ್ ಜಾಯಿಂಟು, ಬುಷ್ಷು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಹೊಸದು ಹಾಕಿಸಿ. ಇಂಜಿನ್ ಆಯಿಲ್ ಮೇಲಿನ ಗೆರೆಗೆ ಸರಿಯಾಗಿರಲಿ. ಉದ್ದನೆಯ ತಿರುವಿನಲ್ಲಿ ಆಯಿಲೆಲ್ಲ ಒಂದು ಪಕ್ಕಕ್ಕೆ ಸರಿಯುತ್ತೆ. ಕಡಿಮೆ ಇದ್ದರೆ ಪಂಪು ಗಾಳಿ ಕುಡೀತದೆ, ಇಂಜಿನ್ ಕಥೆ ಮುಗೀತದೆ. ಈಗ ಬಂಕುಗಳಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರ್ತದೆ. ಹಳೇ ಕಾರಿನ ರಬ್ಬರ್ ಪೈಪಿಗೆ ಅದು ಒಗ್ಗೋಲ್ಲ. ಎಲ್ಲಾದರೂ ಜಿನುಗುತ್ತಾ ಇದೆಯಾ, ನೋಡಿಕೊಳ್ಳಿ.

ಜಯನಗರದ ಕಾಗದ ಪತ್ರ

ಕೆಎ-05 ಅಂದರೆ ಜಯನಗರದ ಆರ್.ಟಿ.ಓ. 15 ವರ್ಷ ದಾಟಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ ಆರ್.ಸಿ. ನವೀಕರಿಸಬೇಕು. ಅದು 5 ವರ್ಷ ನಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನೆನಪಿರಲಿ: ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಅಂದರೆ ಕಿವಿ ಕಿತ್ತುಹೋಗೋ ಸೈಲೆನ್ಸರ್ ಹಾಕಿ ಸೌತ್ ಎಂಡ್ ಸರ್ಕಲ್‌ನಲ್ಲಿ ಸಿಕ್ಕಿಬಿದ್ದರೆ ವಾದ ನಡೆಯೋಲ್ಲ. ಒಳ್ಳೇ ಬ್ರೇಕು, ಒಳ್ಳೇ ಟೈರು ಹಾಕಿದ್ದಕ್ಕೆ ಯಾವ ಪೊಲೀಸೂ ಹಿಡಿಯೋಲ್ಲ!

ಇನ್ನೊಂದು ಕಹಿ ಮಾತು. ನಮ್ಮ ಸಾಮಾನ್ಯ ಮೋಟಾರು ವಿಮೆ ರೇಸಿಗೆ, ವೇಗ ಪರೀಕ್ಷೆಗೆ ಅನ್ವಯಿಸೋಲ್ಲ. ಪಾಲಿಸಿಯ ಸಣ್ಣ ಅಕ್ಷರದಲ್ಲಿ ಬರೆದಿರ್ತದೆ, ಓದಿ. ಟ್ರ್ಯಾಕಿನ ಗೋಡೆಗೆ ಗುದ್ದಿದರೆ ಖರ್ಚು ಪೂರ್ತಿ ನಿಮ್ಮ ಜೇಬಿನದು. ಶುಕ್ರವಾರ ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯೋಕೆ ಇರೋದೂ ಅದೇ ಕಾರು ತಾನೆ?

ಸಿಲ್ಕ್ ಬೋರ್ಡೇ ಮೊದಲ ಪರೀಕ್ಷೆ

ಹೊರಡೋ ಹಿಂದಿನ ದಿನ ಮನೆ ಮುಂದೆಯೇ ಡಿಕ್ಕಿ ಖಾಲಿ ಮಾಡಿ ಪಟ್ಟಿ ಹಾಕಿ. ದಾರಿಗೆ ಸ್ಟೆಪ್ನಿ, ಜಾಕು ಬೇಕು. ಟ್ರ್ಯಾಕಿಗೆ ಇಳಿಯೋವಾಗ ಅವೂ, ಮ್ಯಾಟೂ, ನೀರಿನ ಬಾಟಲೂ ಹೊರಗೆ. ಬ್ರೇಕ್ ಪೆಡಲ್ ಕೆಳಗೆ ಬಾಟಲು ಉರುಳಿದರೆ ಮುಗೀತು! ಬ್ಯಾಟರಿ ಅಲುಗಾಡದಂತೆ ಬಿಗಿ ಮಾಡಿ. ಸೀಟ್ ಬೆಲ್ಟನ್ನು ಜೋರಾಗಿ ಎಳೆದು ಪರೀಕ್ಷಿಸಿ.

ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಅದನ್ನು ದಾಟಿದರೆ ಸಿಲ್ಕ್ ಬೋರ್ಡ್. 2025ರ ಆಗಸ್ಟಿನಿಂದ ಮೇಲೆ ಹಳದಿ ಮೆಟ್ರೋ ಓಡ್ತಿದೆ, ಕೆಳಗೆ ವಾಹನಗಳ ಜಾತ್ರೆ ಹಾಗೇ ಇದೆ. ಬೈಯಬೇಡಿ! ನಿಂತ ಕಾರಿಗೆ ಗಾಳಿ ಇಲ್ಲ, ರೇಡಿಯೇಟರಿನ ಫ್ಯಾನೇ ಗತಿ. ಟೆಂಪರೇಚರ್ ಮುಳ್ಳು ಇಲ್ಲೇ ಮೇಲೇರಿದರೆ ಮನೆಗೆ ವಾಪಸ್ ತಿರುಗಿಸಿ. ಟ್ರ್ಯಾಕಿನಲ್ಲಿ ಗಾಳಿ ಬೇಕಾದಷ್ಟಿದೆ, ಆದರೆ ಇಂಜಿನ್ನಿನ ಬಿಸಿ ಅದಕ್ಕಿಂತ ಹೆಚ್ಚು. ಅಲ್ಲಿ ನೀರಿನ ಪಂಪು, ರೇಡಿಯೇಟರ್ ಎರಡೂ ಗಟ್ಟಿಯಾಗಿರಬೇಕು.

ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿ.ಮೀ. ಟ್ರ್ಯಾಕಿಗೆ ಇಳಿದ ಮೇಲೆ ಮೊದಲ ಸುತ್ತು ನಿಧಾನ, ಕೊನೆಯ ಸುತ್ತೂ ನಿಧಾನ. ಕೊನೆಯ ಸುತ್ತಿನಲ್ಲಿ ಬ್ರೇಕ್ ಆದಷ್ಟು ಮುಟ್ಟದೆ ತಣ್ಣಗಾಗಲು ಬಿಡಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಟೈರಿನ ಗಾಳಿ ಬಿಸಿಗೆ ಏರಿರ್ತದೆ, ಅಳೆದು ಇಳಿಸಿ. ಚಕ್ರದ ನಟ್ಟು ಪ್ರತಿ ಸರದಿಗೂ ನೋಡಿ.

ಸಂಜೆ ವಾಪಸ್ ಹೊರಡೋ ಮುಂಚೆ ಟೈರಿನ ಗಾಳಿ ಮತ್ತೆ ತುಂಬಿಸಿ, ನಟ್ಟು ಬಿಗಿ ಮಾಡಿ, ಪ್ಯಾಡು, ಆಯಿಲ್ ನೋಡಿ, ಹೊಟ್ಟೆಗೆ ಊಟ ಮಾಡಿ, ಅರ್ಧ ಗಂಟೆ ಸುಮ್ಮನೆ ಕೂತುಕೊಳ್ಳಿ. ಯಾಕೆ ಗೊತ್ತಾ? ದಿನವೆಲ್ಲ ವೇಗಕ್ಕೆ ಒಗ್ಗಿದ ಕಣ್ಣಿಗೆ 100 ಕಿ.ಮೀ. ವೇಗ 50ರ ಹಾಗೆ ಕಾಣ್ತದೆ. ಆದರೆ ಹೆದ್ದಾರಿಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಬರೋಲ್ಲ. ಲೈಟಿಲ್ಲದ ಟ್ರ್ಯಾಕ್ಟರು ರಾಂಗ್ ಸೈಡಿನಲ್ಲೇ ಎದುರಾಗುತ್ತೆ.

ರೇಸು ಅಲ್ಲಿಗೆ ಮುಗೀತು. ಇನ್ನು ಎಡಪಕ್ಕ ಹಿಡಿದು, ಸಾವಧಾನವಾಗಿ, ಮನೆಗೆ ಬನ್ನಿ.