ಉಸಿರಿಗೆ ಒಳಲೆಯಿಲ್ಲ

ಮಕ್ಕಳಿಗೆ ಔಷಧಿ ಕುಡಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಒಂದು ಕುಸ್ತಿ. ಅಜ್ಜಿ ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಳ್ಳಬೇಕು, ಒಬ್ಬರು ಕೈ ಅದುಮಿ ಹಿಡಿಯಬೇಕು, ಒಳಲೆಯಲ್ಲಿದ್ದದ್ದು ಗಂಟಲಿಗಿಳಿದರೆ ಮುಗಿಯಿತು. ಎಷ್ಟೇ ಅರಚಲಿ, ಹೊಟ್ಟೆಗೆ ಹೋದದ್ದು ಹೋಯಿತು. ಉಬ್ಬಸದ ಔಷಧಿಯನ್ನು ಉಸಿರಿನ ಮೂಲಕ ಕೊಡುವ ನೆಬ್ಯುಲೈಜರ್ ಯಂತ್ರ ಮನೆಗೆ ಬಂದಾಗಲೂ ಮೊದಲು ನೆನಪಾಗುವುದು ಇದೇ ಪಟ್ಟು.

"ಅತ್ತರೆ ಅಳಲಿ ಬಿಡು, ಬಾಯಿ ತೆರೆದಾಗ ಹೊಗೆ ಚೆನ್ನಾಗಿ ಒಳಗೆ ಹೋಗುತ್ತೆ" ಎನ್ನುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಅಳುವ ಮಗುವನ್ನು ಗಮನಿಸಿ: ಉಸಿರು ಉದ್ದಕ್ಕೆ ಹೊರಗೆ, ನಡುವೆ ಗಕ್ಕನೆ ಒಂದು ಚೂರು ಒಳಗೆ. ಆ ರಭಸಕ್ಕೆ ಔಷಧಿಯ ಹನಿಗಳು ಗಂಟಲಿಗೇ ಬಡಿದು, ಎಂಜಲಿನ ಜೊತೆ ಹೊಟ್ಟೆ ಸೇರುತ್ತವೆ. ಶ್ವಾಸಕೋಶಕ್ಕೆ ಸಿಗುವುದು ಅತ್ಯಲ್ಪ. ಪಾಪ ಅಂತ ಮಾಸ್ಕನ್ನು ಮುಖದಿಂದ ಎರಡು ಬೆರಳು ದೂರ ಹಿಡಿದರೆ ಬಹುಪಾಲು ಗಾಳಿಗೆ. ಬಲವಂತವೂ ಕೆಲಸಕ್ಕೆ ಬಾರದು, ಕರುಣೆಯೂ ಬಾರದು. ಮಗುವಿನ ಒಪ್ಪಿಗೆಯೇ ಬೇಕು.

ನನ್ನ ಮೊಮ್ಮಗನಿಗೆ ನಾಲ್ಕು ವರ್ಷ. ಅವನ ತಕರಾರು ಔಷಧಿಯ ಮೇಲಲ್ಲ, ಆ ಡರ್ ಎನ್ನುವ ಶಬ್ದದ ಮೇಲೆ. ಕೆಮ್ಮಿಲ್ಲದ ದಿನ ಯಂತ್ರವನ್ನು ಹೊರತೆಗೆದು, ಔಷಧಿ ಹಾಕದೆ, ಸ್ವಿಚ್ಚನ್ನು ಅವನಿಗೇ ಒಪ್ಪಿಸಿದೆವು. ಚನ್ನಪಟ್ಟಣದ ಗೊಂಬೆಗೆ ಚಿಕಿತ್ಸೆ ಮುಗಿದ ಮೇಲೆ ನನ್ನ ಸರದಿ. "ಅಳಬಾರ್ದು ತಾತ, ದೊಡ್ಡೋನಾಗಿದೀಯ" ಎಂದು ಬುದ್ಧಿಯೂ ಸಿಕ್ಕಿತು.

ಈಗ ಹೆಚ್ಚಾಗಿ ಸ್ಪೇಸರ್ ಎಂಬ ಕೊಳವೆ ಜೋಡಿಸಿದ ಪಂಪೇ, ಅಂದರೆ ಇನ್ಹೇಲರ್. ನೆಬ್ಯುಲೈಜರಿನ ಹತ್ತು ನಿಮಿಷ ಇಲ್ಲಿ ಅರ್ಧ ನಿಮಿಷ. ಸಾಧಾರಣ ಉಬ್ಬಸಕ್ಕೆ ಗುಣವೇನೂ ಕಡಿಮೆಯಿಲ್ಲ. ಈ ಪಂಪಿನ ಹಿಂದೆ ಇರುವುದೂ ಒಂದು ಮಗುವಿನ ತಕರಾರೇ. 1955ರಲ್ಲಿ ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರರ ಮಗಳು, ತಲೆಗೂದಲಿನ ಸ್ಪ್ರೇ ಥರ ನನ್ನ ಔಷಧಿ ಯಾಕಿಲ್ಲ ಎಂದು ಕೇಳಿದಳು. ಮರುವರ್ಷ ಪಂಪು ಮಾರುಕಟ್ಟೆಗೆ ಬಂತು. ಕೇಳಿದ್ದನ್ನು ಕಿವಿಗೆ ಹಾಕಿಕೊಂಡ ಅಪ್ಪನಿಗೂ ಅರ್ಧ ಶ್ರೇಯ ಸಲ್ಲಬೇಕು.

ನಮ್ಮಲ್ಲಿ ಡಬ್ಬಿ ಅಲುಗಿಸುವ ಹಕ್ಕು ಮೊಮ್ಮಗನದು, ಒತ್ತುವುದು ಅವನಮ್ಮ, ಉಸಿರು ಎಣಿಸುವುದು ನಾನು. ನಾಲ್ಕಾದ ಮೇಲೆ ಬೇಕೆಂದೇ ಆರು ಅಂದರೆ, ಮಾಸ್ಕು ಕದಲಿಸದೆ ಐದು ಬೆರಳು ತೋರಿಸುತ್ತಾನೆ. ಮಗುವನ್ನು ಸುಮ್ಮನಿರಿಸಲು ಮೊಬೈಲ್ ತೋರಿಸುವವರನ್ನು ನಾನು ಜರೆಯಲಾರೆ. ರಾತ್ರಿ ಎರಡು ಗಂಟೆಗೆ ಯಾರಿಗೆ ಬೇಕು ಆದರ್ಶ? ಆದರೆ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ ಅದು ಆಟದ ಹೊತ್ತಲ್ಲ, ಆಸ್ಪತ್ರೆಗೆ ಓಡಬೇಕು.

ಒಪ್ಪಿಸುವುದು ಕಷ್ಟವಾದದ್ದು ಅವನ ಅಜ್ಜಿಯನ್ನು. "ಪಂಪು ಅಭ್ಯಾಸ ಆಗ್ಬಿಡುತ್ತೆ ಕಣ್ರೀ" ಎಂದವಳ ಕೈಯಲ್ಲಿ ಆ ದಿನದ ಮೂರನೇ ಲೋಟ ಕಾಫಿ. ನಾನು ಏನೂ ಹೇಳಲಿಲ್ಲ.

ಸ್ಟೀರಾಯ್ಡ್ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಿ ಮುಖ ತೊಳೆಯಬೇಕು. ಮುಕ್ಕಳಿಸಲು ಮೊಮ್ಮಗನ ಅಭ್ಯಂತರವಿಲ್ಲ, ದೂರಕ್ಕೆ ಉಗುಳಬಹುದಲ್ಲ. ಮುಖ ತೊಳೆಯುವ ಬಗ್ಗೆ ಮಾತುಕತೆ ನಡೆದಿದೆ.